ನಾರಿಹಳ್ಳದ ದಂಡೆಯಲ್ಲಿ ಒಂದು ದಿನ ಸುಮ್ನೆ ಕೂತು ಬರೋದು ಹೇಗೆ

ನಾನು ಬಳ್ಳಾರಿ ಕೌಲ್‌ಬಜಾರಿನ ಒಂದು ಜೀನ್ಸ್ ಯೂನಿಟ್‌ನಲ್ಲಿ ಓವರ್‌ಲಾಕ್ ಮಷಿನ್ ಮೇಲೆ ಕೂರುತ್ತೇನೆ. ಹತ್ತೊಂಬತ್ತು ವರ್ಷ ಆಯಿತು. ಒಂದೇ ಹಾಲ್‌ನಲ್ಲಿ ಇಪ್ಪತ್ತೆರಡು ಮಷಿನ್. ಎಲ್ಲವೂ ಒಟ್ಟಿಗೆ ಓಡುವಾಗ ಪಕ್ಕದವಳು ಏನು ಹೇಳಿದಳು ಅನ್ನೋದನ್ನು ತುಟಿ ನೋಡಿ ತಿಳಿದುಕೊಳ್ಳಬೇಕು. ರಾತ್ರಿ ಮಲಗಿದ ಮೇಲೂ ಕಿವಿಯೊಳಗೆ ಗುಂಯ್ ಅನ್ನುತ್ತಿರುತ್ತದೆ. ಹಾಗಾಗಿ ಯಾರಾದರೂ ಎಲ್ಲಿಗಾದರೂ ಹೋಗೋಣ ಅಂದರೆ ನಾನು ಮೊದಲು ಕೇಳುವುದು, ಅಲ್ಲಿ ಗದ್ದಲ ಎಷ್ಟು ಅಂತ.

ವರ್ಷಕ್ಕೆ ಎರಡು ಮೂರು ಸಲ ನಾವು ಸಂಡೂರು ಗುಡ್ಡಗಳ ನಡುವಿನ ನಾರಿಹಳ್ಳ ಜಲಾಶಯಕ್ಕೆ ಹೋಗಿ ಬರುತ್ತೇವೆ. ನಾನು, ನಮ್ಮ ಮನೆಯವರು, ಮಗ, ಅತ್ತೆ. ಸೋಮವಾರ ಕೆಲಸಕ್ಕೆ ಹೋದಾಗ ಯೂನಿಟ್‌ನ ಹುಡುಗಿಯರು ಕೇಳುತ್ತಾರೆ: "ಅಕ್ಕಾ, ನಮಗೂ ಹೇಳ್ರಿ. ಹೆಂಗ ಹೋಗಬೇಕು, ಏನು ಒಯ್ಯಬೇಕು?" ಊಟದ ಅರ್ಧ ಗಂಟೆಯಲ್ಲಿ ಅದನ್ನೆಲ್ಲ ಹೇಳಿ ಮುಗಿಸೋಕೆ ಆಗಲ್ಲ. ಅದಕ್ಕೇ ಕೂತು ಬರೆದಿದ್ದೇನೆ.

"ಡ್ಯಾಂ ನೋಡೋಕೆ ಟಿ.ಬಿ. ಡ್ಯಾಂ ಇದೆಯಲ್ಲ" ಅಂತ ನೀವು ಕೇಳಬಹುದು. ಇದೆ, ಹೊಸಪೇಟೆಯ ತುಂಗಭದ್ರಾ ಡ್ಯಾಂ. ನಾನೂ ಮದುವೆಯಾದ ಹೊಸದರಲ್ಲಿ ಹೋಗಿದ್ದೆ. 1953ರಲ್ಲಿ ಕಟ್ಟಿ ಮುಗಿಸಿದ್ದು, 33 ಗೇಟು, ನೂರು ಟಿಎಂಸಿಗೂ ಜಾಸ್ತಿ ನೀರು. 2024ರ ಆಗಸ್ಟ್‌ನಲ್ಲಿ 19ನೇ ಗೇಟು ಕೊಚ್ಚಿಹೋದಾಗ ನಮ್ಮ ಕಡೆ ಯಾರೂ ನೆಮ್ಮದಿಯಾಗಿ ನಿದ್ದೆ ಮಾಡಿರಲಿಲ್ಲ. ಅದು ನಮ್ಮ ಅನ್ನ ಕೊಡುವ ಡ್ಯಾಂ. ಆದರೆ ಅಲ್ಲಿಗೆ ಹೋದರೆ ಐಸ್‌ಕ್ರೀಮ್ ಗಾಡಿ, ಪೀಪಿ, ಫೋಟೊ ತೆಗೆಯುವವರು, ಬಸ್ಸುಗಟ್ಟಲೆ ಶಾಲೆ ಮಕ್ಕಳು. ನಾರಿಹಳ್ಳದಲ್ಲಿ ತುಂಬಿದಾಗಲೂ ಒಂದು ಟಿಎಂಸಿ ನೀರು ಇರುವುದಿಲ್ಲ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ಅಷ್ಟೂ ಇಲ್ಲದ ಈ ಪುಟ್ಟ ಜಲಾಶಯವನ್ನು ಹುಡುಕಿಕೊಂಡು ದೂರದಿಂದ ಬರುವವರು ಕಡಿಮೆ. ನಮಗೆ ಬೇಕಾಗಿದ್ದೂ ಅದೇ ಅಲ್ವಾ.

ನಮ್ಮ ಮೊದಲ ಸಲದ ಪಾಡು

ಮೊದಲು ನಾವು ಹೇಗೆ ಹೋಗಿ ಕೆಟ್ಟೆವು ಅಂತ ಹೇಳುತ್ತೇನೆ. ಮುಂದೆ ಹೇಳುವುದೆಲ್ಲ ಅದರಿಂದಲೇ ಕಲಿತದ್ದು.

ಏಪ್ರಿಲ್ ತಿಂಗಳು. ಮನೆಯವರ ತಮ್ಮಂದಿರ ಸಂಸಾರವೂ ಸೇರಿ ಹನ್ನೊಂದು ಜನ. ಹೊರಟಾಗಲೇ ಒಂಬತ್ತೂವರೆ. ಒಬ್ಬ ಮೈದುನ ದೊಡ್ಡ ಸ್ಪೀಕರ್ ತಂದಿದ್ದ. ದಂಡೆ ಮುಟ್ಟಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಮರಗಳಲ್ಲಿ ಒಂದು ಎಲೆ ಇಲ್ಲ. ನೀರು ಎಲ್ಲೋ ಒಳಗೆ ಇಳಿದಿತ್ತು. ನಡುವೆ ಒಡೆದ ಕೆಸರು. ತಂದಿದ್ದ ಕುಡಿಯುವ ನೀರು ಹನ್ನೆರಡಕ್ಕೇ ಖಾಲಿ. ಪುಳಿಯೋಗರೆ ಡಬ್ಬಿಯನ್ನು ಕೋತಿ ಎತ್ತಿಕೊಂಡು ಹೋಯಿತು. ವಾಪಸ್ ಬರುವಾಗ ಎರಡು ಬೈಕ್ ಪಂಕ್ಚರ್. ಜಾಲಿ ಮುಳ್ಳು. ಪಂಕ್ಚರ್ ಅಂಗಡಿ ಸಿಗುವವರೆಗೆ ಆ ಬಿಸಿಲಲ್ಲಿ ಬೈಕ್ ತಳ್ಳಿದ್ದು ನೆನೆದರೆ ಈಗಲೂ ನಮ್ಮ ಮನೆಯವರು ಸೊಂಟ ಹಿಡಿದುಕೊಳ್ಳುತ್ತಾರೆ.

ಮನೆಗೆ ಬಂದ ಮೇಲೆ ಅತ್ತೆ ಒಂದೇ ಮಾತು ಹೇಳಿದರು. "ನೀವು ಹಳ್ಳ ನೋಡಾಕ ಹೋಗಿದ್ರೋ, ಜಾತ್ರಿ ಮಾಡಾಕ ಹೋಗಿದ್ರೋ?" ಅತ್ತೆಯ ತವರು ಸಂಡೂರು ತಾಲ್ಲೂಕಿನ ಒಂದು ಹಳ್ಳಿ. ಚಿಕ್ಕವರಿದ್ದಾಗ ಆ ಗುಡ್ಡಗಳಲ್ಲಿ ದನ ಕಾಯ್ದವರು. ಮುಂದಿನ ಸಲ ಅವರು ಹೇಳಿದ ಹಾಗೆ ಹೋದೆವು. ಅಂದಿನಿಂದ ಒಮ್ಮೆಯೂ ಕೆಟ್ಟಿಲ್ಲ. ಪೂರ್ತಿ ನಿಜ ಹೇಳಬೇಕೆಂದರೆ ಒಮ್ಮೆ ಮಾತ್ರ ಕೆಟ್ಟೆವು, ಅದನ್ನೂ ಮುಂದೆ ಹೇಳುತ್ತೇನೆ.

ಯಾವಾಗ, ಯಾರ ಜೊತೆ

ಸೆಪ್ಟೆಂಬರ್‌ನಿಂದ ಜನವರಿವರೆಗೆ ಹೋಗಿ. ನಮ್ಮ ಜಿಲ್ಲೆಯಲ್ಲಿ ಮಳೆ ಜಾಸ್ತಿ ಬೀಳುವುದು ಸಂಡೂರಿನಲ್ಲಿ. ಬಳ್ಳಾರಿ ಕೋಟೆ ಗುಡ್ಡ ಕಲ್ಲು ಕಾದು ಕೂತಿರುವಾಗಲೂ ಅಲ್ಲಿ ಗುಡ್ಡದ ಮೇಲೆ ಮೋಡ ಕೂತಿರುತ್ತದೆ. ಸೆಪ್ಟೆಂಬರ್ ಹೊತ್ತಿಗೆ ಕುರುಚಲು ಕಾಡೆಲ್ಲ ಹಸಿರಾಗಿ, ಹಳ್ಳದಲ್ಲಿ ನೀರು ತುಂಬಿ, ತಂಗಡಿ ಗಿಡದಲ್ಲಿ ಹಳದಿ ಹೂ ಬಂದಿರುತ್ತದೆ. ಫೆಬ್ರವರಿ ಆಯಿತೆಂದರೆ ಎಲೆ ಉದುರಲು ಶುರು. ಮಾರ್ಚ್ ನಂತರ ಹೋಗುವವರಿಗೆ ನನ್ನ ಕಡೆಯಿಂದ ನಮಸ್ಕಾರ. ನಲವತ್ತು ಡಿಗ್ರಿಯಲ್ಲಿ ಶಾಂತಿ ಸಿಗಲ್ಲ, ತಲೆನೋವು ಸಿಗುತ್ತದೆ.

ಜೋರು ಮಳೆ ಹಿಡಿದ ವಾರ ಬೇಡ. ಜಲಾಶಯ ತುಂಬಿ ನೀರು ಬಿಡುವ ಹೊತ್ತಿನಲ್ಲಿ ಕೆಳಗಿನ ಹಳ್ಳದಲ್ಲಿ ಕಾಲಿಡುವುದು ಹುಚ್ಚುತನ. ಒಣಗಿದಂತೆ ಕಾಣುವ ಹಳ್ಳ ಅರ್ಧ ಗಂಟೆಯಲ್ಲಿ ಮೊಣಕಾಲು ದಾಟುತ್ತದೆ.

ದಿನ ಯಾವುದು? ವಾರದ ನಡುವೆ ರಜೆ ಸಿಗುವವರು ಪುಣ್ಯವಂತರು, ಆಗಲೇ ಹೋಗಿ. ನನಗೆ ಸಿಗುವುದು ಭಾನುವಾರ ಮಾತ್ರ. ಅವತ್ತು ಹತ್ತಿರದ ಊರುಗಳ ಹುಡುಗರು ಹನ್ನೊಂದರ ಮೇಲೆ ಬರಲು ಶುರು ಮಾಡುತ್ತಾರೆ. ನೀವು ಎಂಟರೊಳಗೆ ಅಲ್ಲಿದ್ದರೆ ಮೂರು ಗಂಟೆ ನಿಮ್ಮದೇ. ಅಮಾವಾಸ್ಯೆ ಭಾನುವಾರ ಬಿದ್ದರೆ ಇನ್ನೂ ಒಳ್ಳೆಯದು. ಲಾರಿಯವರು ಗಾಡಿ ತೊಳೆದು ಪೂಜೆ ಮಾಡಿ ಹೊರಡುವಷ್ಟರಲ್ಲಿ ತಡವಾಗಿರುತ್ತದೆ, ರಸ್ತೆ ಖಾಲಿ ಇರುತ್ತದೆ. ಇದು ನನ್ನ ಲೆಕ್ಕ, ಪಂಚಾಂಗದಲ್ಲಿ ಬರೆದಿಲ್ಲ.

ಜನ ನಾಲ್ಕಕ್ಕಿಂತ ಜಾಸ್ತಿ ಬೇಡ. ಐದನೆಯವರು ಬಂದರೆ ಮಾತು ಎರಡು ಗುಂಪಾಗುತ್ತದೆ. ಎರಡು ಗುಂಪಾದರೆ ದನಿ ಏರುತ್ತದೆ. ಸ್ಪೀಕರ್ ಇರುವ ಮೈದುನನಿಗೆ ಹೋಗುವ ವಿಷಯವನ್ನೇ ಹೇಳಬೇಡಿ.

ದಾರಿ

ಬಳ್ಳಾರಿಯಿಂದ ಹೊಸಪೇಟೆ ರಸ್ತೆ ಹಿಡಿದು ಕುಡತಿನಿ ದಾಟಿ ತೋರಣಗಲ್ಲಿಗೆ ಬನ್ನಿ. ಕುಡತಿನಿಯಲ್ಲಿ ವಿದ್ಯುತ್ ಸ್ಥಾವರದ ಚಿಮಣಿ, ತೋರಣಗಲ್ಲಿನಲ್ಲಿ ಜಿಂದಾಲ್ ಉಕ್ಕಿನ ಕಾರ್ಖಾನೆ. ಅಲ್ಲಿಂದ ಎಡಕ್ಕೆ ಸಂಡೂರು ರಸ್ತೆ. ಬಳ್ಳಾರಿಯಿಂದ ಸಂಡೂರಿಗೆ ಸುಮಾರು 60 ಕಿ.ಮೀ. ಅಷ್ಟು ದೂರ ಹೋಗಬೇಕಿಲ್ಲ, ಅದಕ್ಕೂ ಮೊದಲೇ ತಾರಾನಗರ ಸಿಗುತ್ತದೆ. ಜಲಾಶಯ ಇರುವುದು ಅದರ ಹತ್ತಿರ. ಊರಲ್ಲಿ ಯಾರನ್ನು ಕೇಳಿದರೂ "ಡ್ಯಾಮಿಗಾ?" ಅಂತ ಕೈ ತೋರಿಸುತ್ತಾರೆ.

ಈ ರಸ್ತೆಯಲ್ಲಿ ಅದಿರಿನ ಲಾರಿ ಓಡುತ್ತವೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ರಸ್ತೆಬದಿಯ ಗಿಡಗಳಲ್ಲಿ ಮತ್ತೆ ಹಸಿರು ಬಣ್ಣ ಕಂಡಿತ್ತು. ಆಮೇಲೆ ಇಷ್ಟೇ ತೆಗೆಯಬೇಕು ಅಂತ ಮಿತಿ ಹಾಕಿ ಮತ್ತೆ ಬಿಟ್ಟರು. ಮೊದಲಿನಷ್ಟು ಲಾರಿ ಈಗಿಲ್ಲ, ಆದರೂ ಇವೆ. ಬೈಕಿನಲ್ಲಿ ಹೋಗುವವರು ಲಾರಿ ಹಿಂದೆ ಅಂಟಿಕೊಂಡು ಹೋಗಬೇಡಿ. ನಿಂತು, ಅದು ಮುಂದೆ ಹೋಗಲಿ ಬಿಡಿ. ಮೂಗಿಗೆ ಒದ್ದೆ ಮಾಡಿ ಹಿಂಡಿದ ಕರ್ಚೀಫ್ ಕಟ್ಟಿಕೊಳ್ಳಿ. ಒಣ ಬಟ್ಟೆ ಕಟ್ಟಿಕೊಂಡರೆ ಸಣ್ಣ ಧೂಳು ದಾಟಿ ಬರುತ್ತದೆ. ಇದು ನನಗೆ ಯೂನಿಟ್‌ನ ನೂಲಿನ ಧೂಳಿನಿಂದ ಗೊತ್ತಾಗಿದ್ದು.

ಹೆಂಗಸರಷ್ಟೇ ಹೋಗುವುದಾದರೆ ಬಸ್ಸೇ ಸರಿ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ. ಕಲ್ಯಾಣ ಕರ್ನಾಟಕ ಸಾರಿಗೆಯ ಆರ್ಡಿನರಿ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ನಮಗೆ ದುಡ್ಡಿಲ್ಲ. ಆಧಾರ್ ಕಾರ್ಡ್ ಇಟ್ಟುಕೊಳ್ಳಿ, ಶೂನ್ಯ ಟಿಕೆಟ್ ಕೇಳಿ ತೆಗೆದುಕೊಳ್ಳಿ. ನಾನೂ ಅತ್ತೆಯೂ ಒಮ್ಮೆ ಹೀಗೇ ಹೋಗಿ ಬಂದೆವು. ಇಬ್ಬರ ಇಡೀ ದಿನದ ಖರ್ಚು ಟೀ, ಮಿರ್ಚಿ ಸೇರಿ ಅರವತ್ತು ರೂಪಾಯಿ. ಹತ್ತುವಾಗಲೇ ಕಂಡಕ್ಟರ್‌ಗೆ "ತಾರಾನಗರದಾಗ ನಿಲ್ಲಿಸ್ತೀರೇನಣ್ಣ?" ಅಂತ ಕೇಳಿ. ಎಲ್ಲ ಬಸ್ಸೂ ನಿಲ್ಲಿಸಲ್ಲ. ಇಳಿದ ತಕ್ಷಣ ವಾಪಸ್ ಬಸ್ ಎಷ್ಟು ಹೊತ್ತಿಗೆ ಅಂತ ಅಲ್ಲಿನ ಟೀ ಅಂಗಡಿಯಲ್ಲಿ ಕೇಳಿಕೊಳ್ಳಿ. ನಿಲ್ದಾಣದ ಗೋಡೆ ಮೇಲೆ ಬರೆದದ್ದಕ್ಕಿಂತ ಟೀ ಅಂಗಡಿಯವರ ಲೆಕ್ಕ ಸರಿ ಇರುತ್ತದೆ.

ಬುತ್ತಿ

ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ದಂಡೆ ಹತ್ತಿರ ಹೋಟೆಲ್ ನಂಬಿಕೊಂಡು ಹೋಗಬೇಡಿ. ಮಧ್ಯಾಹ್ನ ಊಟ ಹುಡುಕಿಕೊಂಡು ಎದ್ದಿರೋ, ಅಲ್ಲಿಗೆ ಆ ದಿನ ಮುಗಿಯಿತು.

ಹಿಂದಿನ ದಿನ ಸಂಜೆ ಕಟಕ ರೊಟ್ಟಿ ಬಡಿದಿಟ್ಟುಕೊಳ್ಳಿ. ತೆಳ್ಳಗೆ ಬಡಿದು ಹೆಂಚಿನ ಮೇಲೆ ಗರಿಗರಿಯಾಗುವವರೆಗೆ ಸುಟ್ಟ ಜೋಳದ ರೊಟ್ಟಿ ಮೂರು ದಿನ ಇಟ್ಟರೂ ಕೆಡಲ್ಲ. ಬಟ್ಟೆಯಲ್ಲಿ ಕಟ್ಟಿ. ಡಬ್ಬಿಗೆ ಬಿಸಿಯಾಗಿ ತುಂಬಿದರೆ ಬೆವರಿ ಚರ್ಮದಂತಾಗುತ್ತದೆ. ಶೇಂಗಾ ಪುಡಿ, ಗುರೆಳ್ಳು ಪುಡಿ ಎರಡೂ ಇರಲಿ. ಎಣಗಾಯಿ ಮಾಡುವುದಾದರೆ ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಮಾಡಿ. ಹಸಿ ಕೊಬ್ಬರಿ ಹಾಕಬೇಡಿ, ಎಣ್ಣೆ ಒಂದು ಚಮಚ ಜಾಸ್ತಿ ಹಾಕಿ, ರಸ ಇಲ್ಲದ ಹಾಗೆ ಬತ್ತಿಸಿ. ಮಧ್ಯಾಹ್ನದವರೆಗೆ ಚೆನ್ನಾಗಿರುತ್ತದೆ.

ಮೊಸರನ್ನ ಬೇಕೇ ಬೇಕು ಅನ್ನುವವರಿಗೆ ಒಂದು ಉಪಾಯ. ಅನ್ನವನ್ನು ಮೆತ್ತಗೆ ಮಾಡಿ, ಉಗುರು ಬೆಚ್ಚಗಿನ ಹಾಲು ಜಾಸ್ತಿ ಹಾಕಿ ಕಲಸಿ, ಬರೀ ಒಂದು ಚಮಚ ಮೊಸರು ಬೆರೆಸಿ ಮುಚ್ಚಿ. ದಾರಿಯಲ್ಲೇ ಹೆಪ್ಪಾಗಿ ಹನ್ನೆರಡೂವರೆ ಹೊತ್ತಿಗೆ ಹದವಾದ ಮೊಸರನ್ನ ಸಿಗುತ್ತದೆ. ಬೆಳಿಗ್ಗೆಯೇ ಮೊಸರು ಕಲಸಿಕೊಂಡು ಹೋದರೆ ಬಾಯಿಗಿಡುವಾಗ ಹುಳಿ ಮುಖಕ್ಕೆ ಹೊಡೆಯುತ್ತದೆ. ಉಳ್ಳಾಗಡ್ಡಿ ಹೆಚ್ಚಿಕೊಂಡು ಹೋಗಬೇಡಿ, ಇಡಿಯಾಗಿ ಒಯ್ಯಿರಿ. ಅಲ್ಲೇ ಕಲ್ಲಿನ ಮೇಲಿಟ್ಟು ಗುದ್ದಿದರೆ ಆಯಿತು. ಗುದ್ದುವ ಕೆಲಸ ನಮ್ಮಲ್ಲಿ ಮಗನದು. ಅವತ್ತು ಅವನು ಮಾಡುವ ಕೆಲಸ ಅದೊಂದೇ.

ನೀರು ತಲೆಗೆ ಮೂರು ಲೀಟರ್. ಇದರಲ್ಲಿ ಚೌಕಾಸಿ ಬೇಡ. ಐದು ಲೀಟರಿನ ಎರಡು ಕ್ಯಾನಿಗೆ ಒದ್ದೆ ಗೋಣಿಬಟ್ಟೆ ಸುತ್ತಿ ನೆರಳಲ್ಲಿಟ್ಟರೆ ಮಣ್ಣಿನ ಗಡಿಗೆ ನೀರಿನಷ್ಟು ತಣ್ಣಗಿರುತ್ತದೆ. ಉಳಿದದ್ದು ಬಾಟಲಿಗಳಲ್ಲಿ. ಜಲಾಶಯದ ನೀರು ಕುಡಿಯಬೇಡಿ.

ಬೆಳಗಿನ ತಿಂಡಿಯನ್ನು ಬುತ್ತಿಗೆ ಸೇರಿಸಬೇಡಿ. ಬಳ್ಳಾರಿ ಬಿಡುವ ಮುಂಚೆ ಮಂಡಕ್ಕಿ ಒಗ್ಗರಣೆ, ಎರಡು ಮಿರ್ಚಿ ತಿಂದು ಹೊರಡಿ. ಅದನ್ನೂ ಬಿಟ್ಟು ಮಾಡುವ ಪ್ರವಾಸ ನಮ್ಮ ಊರಿನವರಿಗೆ ಹೊಂದಲ್ಲ.

ಬಟ್ಟೆ, ಚಪ್ಪಲಿ, ಕೌದಿ

ಬಟ್ಟೆ ವಿಷಯದಲ್ಲಿ ನನ್ನ ಮಾತು ಕೇಳಿ, ಅದು ನನ್ನ ಕಸುಬು. ಬಿಳಿ, ತಿಳಿ ಹಳದಿ, ತಿಳಿ ಗುಲಾಬಿ ಬಣ್ಣ ಬೇಡ. ಸಂಡೂರಿನ ಮಣ್ಣಿನಲ್ಲಿ ಕಬ್ಬಿಣ ತುಂಬಿದೆ, ಕೂತಲ್ಲೆಲ್ಲ ಕೆಂಪು ಹತ್ತುತ್ತದೆ. ಹುಡುಗರು ಹಳೇ ಜೀನ್ಸ್ ಹಾಕಿಕೊಳ್ಳಲಿ. ಸೆಕೆ ಆಗುತ್ತದೆ ನಿಜ, ಆದರೆ ಕಾರೆ ಮುಳ್ಳಿಗೂ ಬಾರೆ ಮುಳ್ಳಿಗೂ ಅದೇ ತಡೆ. ಆದರೆ ಎಳೆದರೆ ರಬ್ಬರಿನಂತೆ ಹಿಗ್ಗುವ ತೆಳು ಬಟ್ಟೆಯದು ಬೇಡ. ಅದಕ್ಕೆ ಮುಳ್ಳು ಸಿಕ್ಕಿತೆಂದರೆ ನೂಲು ಎಳೆದುಕೊಂಡೇ ಬರುತ್ತದೆ.

ತೆಳು ಹವಾಯಿ ಚಪ್ಪಲಿ ಬೇಡ. ಬಳ್ಳಾರಿ ಜಾಲಿಯ ಮುಳ್ಳು ಚಪ್ಪಲಿ ದಾಟಿ ಅಂಗಾಲಿಗೆ ಹೋಗುತ್ತದೆ. ಈ ಗಿಡ ಸಮುದ್ರದ ಆಚೆಯ ಅಮೆರಿಕ ಖಂಡದಿಂದ ಬಂದದ್ದು. ಇಡೀ ಕರ್ನಾಟಕ ಅದಕ್ಕೆ ನಮ್ಮ ಊರಿನ ಹೆಸರಿಟ್ಟು ಕೂತಿದೆ. ಯಾಕೆ ಅಂತ ನಮ್ಮ ಬೈಕಿನ ಟಯರ್ ಕೇಳಿ ನೋಡಿ. ಗಾಡಿಯನ್ನು ಡಾಂಬರು ರಸ್ತೆಯ ಪಕ್ಕದಲ್ಲೇ ಬಿಟ್ಟು, ಕೊನೆಯ ದಾರಿ ನಡೆಯಿರಿ. ನೆರಳಿದೆ ಅಂತ ಜಾಲಿ ಕೆಳಗೆ ನಿಲ್ಲಿಸಬೇಡಿ.

ಕೂರಲು ಪ್ಲಾಸ್ಟಿಕ್ ಚಾಪೆ ಬೇಡ. ಗಾಳಿಗೆ ಪಟಪಟ ಸದ್ದು ಮಾಡುತ್ತದೆ, ಮುಳ್ಳೂ ತಡೆಯಲ್ಲ. ನಾನು ಯೂನಿಟ್‌ನ ವೇಸ್ಟ್ ಪೀಸ್ ಕೂಡಿಸಿ ಒಂದು ಕೌದಿ ಹೊಲಿದಿದ್ದೇನೆ. ಮೇಲೆ ಕೆಳಗೆ ಎರಡು ಪದರ ಜೀನ್ಸ್, ನಡುವೆ ಹಳೇ ಸೀರೆ. ಕಲ್ಲಿನ ಮೇಲೆ ಹಾಸಿದರೂ ಒತ್ತಲ್ಲ. ಅತ್ತೆ ಅದರ ಮೇಲೆ ಮಧ್ಯಾಹ್ನ ಎರಡು ಗಂಟೆ ಗೊರಕೆ ಹೊಡೆಯುತ್ತಾರೆ. ಆ ಸದ್ದಿಗೆ ನನ್ನ ತಕರಾರಿಲ್ಲ.

ಅಲ್ಲಿ ಏನು ಮಾಡಬೇಕು

ಹೆಚ್ಚಿಗೆ ಏನೂ ಬೇಡ. ಅದನ್ನು ಮಾಡೋದೇ ಕಷ್ಟ.

ಜಾಗ ಹುಡುಕಲು ಹತ್ತು ನಿಮಿಷ ಕೊಡಿ. ಕಟ್ಟೆಯ ಮೇಲೆ ಕೂರಬೇಡಿ. ಅಲ್ಲಿ ಬಿಸಿಲು, ಓಡಾಡುವವರು, ಕಾವಲಿನವರ ತಕರಾರು. ಅವರು ಎಲ್ಲಿಗೆ ಬೇಡ ಅನ್ನುತ್ತಾರೋ ಅಲ್ಲಿಗೆ ಬೇಡ, ವಾದ ಮಾಡಬೇಡಿ. ಹಿನ್ನೀರಿನ ಬದಿಗೆ ಬಂದು ನೀರಿಂದ ಒಂದು ನಲವತ್ತು ಹೆಜ್ಜೆ ದೂರದಲ್ಲಿ ನೆರಳಿರುವ ಮರ ನೋಡಿ. ಮಧ್ಯಾಹ್ನದ ನೆರಳು ಎಲ್ಲಿಗೆ ಬರುತ್ತದೆ ಅಂತ ಬೆಳಿಗ್ಗೆಯೇ ಲೆಕ್ಕ ಹಾಕಿ ಕೌದಿ ಹಾಸಿ. ಸುತ್ತ ಇರುವೆ ಗೂಡು, ಕಲ್ಲು ಸಂದು ನೋಡಿಕೊಳ್ಳಿ. ಹಾವು ಇರುವ ಜಾಗ ಇದು. ಕಲ್ಲು ಎತ್ತುವಾಗ ಕೈ ಹಾಕುವ ಮೊದಲು ಕೋಲು ಹಾಕಿ.

ಮೊದಲ ಒಂದು ಗಂಟೆ ಕಷ್ಟ. ಕೈ ಫೋನಿನ ಕಡೆ ಹೋಗುತ್ತದೆ. ನಾನು ಎಲ್ಲರ ಫೋನನ್ನೂ ಬುತ್ತಿ ಚೀಲದ ತಳಕ್ಕೆ ಹಾಕಿ ಮೇಲೆ ರೊಟ್ಟಿ ಇಡುತ್ತೇನೆ. ರೊಟ್ಟಿ ಮುರಿಯುತ್ತದೆ ಅಂತ ಯಾರೂ ಕೈ ಹಾಕಲ್ಲ. ಆ ಗಂಟೆಯಲ್ಲಿ ನನ್ನ ಕಿವಿಯಲ್ಲಿ ಮಷಿನ್ ಓಡುತ್ತಲೇ ಇರುತ್ತದೆ. ಆಮೇಲೆ ಯಾವಾಗಲೋ ಅದು ನಿಂತು ನೀರು ದಂಡೆಗೆ ಬಡಿಯುವ ಸಣ್ಣ ಚಪ್ ಚಪ್ ಕೇಳುತ್ತದೆ. ಅದು ಮೊದಲಿನಿಂದಲೂ ಇತ್ತು, ನನಗೆ ಕೇಳಿಸಿರಲಿಲ್ಲ.

ಸುಮ್ನೆ ಕೂತರೆ ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ. ನೀರಿನ ನಡುವೆ ಗುಳುಮುಳುಕ ಮುಳುಗಿ ಇನ್ನೆಲ್ಲೋ ಏಳುತ್ತದೆ. ಮಗ ಅದು ಎಲ್ಲಿ ಏಳುತ್ತದೆ ಅಂತ ಅಪ್ಪನ ಜೊತೆ ಪಂದ್ಯ ಕಟ್ಟುತ್ತಾನೆ. ನೀರುಕಾಗೆ ಒಣ ಕೊಂಬೆಯ ಮೇಲೆ ರೆಕ್ಕೆ ಬಿಚ್ಚಿ ಬಟ್ಟೆ ಒಣಗಿ ಹಾಕಿದ ಹಾಗೆ ಕೂರುತ್ತದೆ. ಮಿಂಚುಳ್ಳಿ ನೀಲಿ ಗೆರೆ ಎಳೆದ ಹಾಗೆ ಹೋಗುತ್ತದೆ. ನಾನು ಎಷ್ಟು ಬಗೆಯ ನೀಲಿ ನೂಲು ನೋಡಿದ್ದೇನೆ, ಆ ನೀಲಿ ಯಾವ ಕೋನಿನಲ್ಲೂ ಬಂದಿಲ್ಲ. ಗುಡ್ಡದ ಕಡೆಯಿಂದ ನವಿಲು ಕೂಗುತ್ತದೆ. ನೀವು ನೀರಿನ ಕಡೆ ನಡೆದರೆ ಟಿಟ್ಟಿಭ ತಲೆ ಮೇಲೆ ಸುತ್ತುತ್ತಾ ಬೈಯುತ್ತದೆ. ಬೈದರೆ ಹಿಂದಕ್ಕೆ ಬನ್ನಿ. ಅದು ಬಯಲು ನೆಲದ ಬೆಣಚುಕಲ್ಲುಗಳ ನಡುವೆಯೇ ಮೊಟ್ಟೆ ಇಡುವ ಹಕ್ಕಿ. ಮೊಟ್ಟೆ ಯಾವುದು, ಕಲ್ಲು ಯಾವುದು ಗೊತ್ತಾಗಲ್ಲ.

ಹೆಸರಿನ ವಿಷಯ ಒಂದಿದೆ. ಬೋರ್ಡಿನಲ್ಲಿ ನಾರಿಹಳ್ಳ ಅಂತ ಇದೆ. ಅತ್ತೆ ನರಿಹಳ್ಳ ಅನ್ನುತ್ತಾರೆ. "ನಾರಿಯರು ಇಲ್ಲಿಗ್ಯಾಕ ಬರ್ತಿದ್ರು, ನರಿ ನೀರು ಕುಡಿಯಾಕ ಬರ್ತಿತ್ತು" ಅನ್ನುವುದು ಅವರ ವಾದ. ನಮ್ಮ ಮನೆಯವರು ಬೋರ್ಡಿನ ಕಡೆ. ನಾನು ಸೊಸೆ, ಯಾರ ಕಡೆ ಅಂತ ಹೇಳಬೇಕಿಲ್ಲ. ಈ ಹಳ್ಳ ಸಂಡೂರು ಕಣಿವೆಯ ನೀರನ್ನೆಲ್ಲ ಕೂಡಿಸಿಕೊಂಡು ಗುಡ್ಡದ ಸಾಲು ಕೊರೆದುಕೊಂಡು ಹೊರಗೆ ಬರುತ್ತದೆ. ಅಂಥ ಸಂದಿಗೆ ಇಲ್ಲಿ ಗಂಡಿ ಅನ್ನುತ್ತಾರೆ: ಭೀಮಗಂಡಿ, ಉಬ್ಬಲಗಂಡಿ. ಮುಂದೆ ಇದೇ ನೀರು ದರೋಜಿ ಕೆರೆಯ ಕಡೆ ಹೋಗುತ್ತದೆ. ಬುರ್ರಕಥೆ ಅನ್ನುವ ಹಾಡುಗಥೆ ಹೇಳುತ್ತಿದ್ದ ಈರಮ್ಮನವರ ಊರು ಅದು. ಅತ್ತೆ ಒಮ್ಮೆ ಅವರ ಕಥೆಯನ್ನು ಇಡೀ ರಾತ್ರಿ ಕೂತು ಕೇಳಿದ್ದರಂತೆ. ಹಳ್ಳದ ದಂಡೆಯಲ್ಲಿ ಕೂತಾಗ ಅದರ ಎರಡು ಸಾಲು ಗುನುಗುತ್ತಾರೆ, ಮೂರನೆಯದು ನೆನಪಿಲ್ಲ ಅಂತ ನಿಲ್ಲಿಸುತ್ತಾರೆ.

ನೀರು, ಕರಡಿ, ಕೋತಿ

ಈಜಬೇಡಿ. ಈಜು ಬಂದರೂ ಬೇಡ. ಮೇಲೆ ಶಾಂತವಾಗಿ ಕಾಣುತ್ತದೆ, ದಂಡೆಯ ಕೆಳಗೆ ಗುಡ್ಡದಿಂದ ತೊಳೆದು ಬಂದ ಕೆಂಪು ಹೂಳು ಇರುತ್ತದೆ. ಕಾಲಿಟ್ಟರೆ ಹಿಡಿದುಕೊಳ್ಳುತ್ತದೆ. ಮುಂದೆ ಒಮ್ಮೆ ಕೆಟ್ಟ ಕಥೆ ಹೇಳುತ್ತೇನೆ ಅಂದಿದ್ದೆನಲ್ಲ, ಅದು ಇದೇ. ಮಗ ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಮುಖ ತೊಳೆಯಲು ಇಳಿದು ಮೊಣಕಾಲವರೆಗೆ ಹೂತುಕೊಂಡ. ಹರಿಗೋಲಿನಲ್ಲಿ ಬಲೆ ಎತ್ತುತ್ತಿದ್ದ ಒಬ್ಬ ಮೀನುಗಾರ ದೂರದಿಂದಲೇ ಕೂಗಿದ: "ಏ ತಮ್ಮಾ, ಕಾಲು ಕೀಳಬ್ಯಾಡ! ಹಿಂದಕ್ಕೆ ಅಂಗಾತ ಬೀಳು!" ಅವನು ಹಾಗೇ ಮಾಡಿದ. ನಮ್ಮ ಮನೆಯವರು ಅತ್ತೆಯ ಸೀರೆ ಎಸೆದು ಎಳೆದುಕೊಂಡರು. ಒಂದು ಕಾಲಿನ ಚಪ್ಪಲಿ ಇವತ್ತಿಗೂ ಆ ಹೂಳಿನಲ್ಲೇ ಇದೆ. ಒದ್ದಾಡಿದಷ್ಟೂ ಒಳಕ್ಕೆ ಹೋಗುತ್ತೀರಿ, ಅದಕ್ಕೇ ಹಿಂದಕ್ಕೆ ಒರಗಿ ಮೈಭಾರ ಹರಡಬೇಕು. ಕೈಕಾಲು ತೊಳೆಯಲು ಕಲ್ಲಿನ ದಂಡೆ ಇರುವ ಕಡೆ ಚೊಂಬಿನಲ್ಲಿ ಮೊಗೆದುಕೊಳ್ಳಿ.

ಕರಡಿ ಇದೆಯಾ ಅಂತ ಎಲ್ಲರೂ ಕೇಳುತ್ತಾರೆ. ಈ ಗುಡ್ಡಗಳಲ್ಲಿ ಕರಡಿ ಇವೆ, ಚಿರತೆಯೂ ಇದೆ. 1994ರಲ್ಲಿ ಹತ್ತಿರದ ದರೋಜಿಯಲ್ಲಿ ಕರಡಿಗಳಿಗಾಗಿಯೇ ಧಾಮ ಮಾಡಿದ್ದು ಸುಮ್ನೆ ಅಲ್ಲ. ಕರಡಿ ಹಗಲು ಹೊತ್ತು ಕಲ್ಲು ಪೊಟರೆಯಲ್ಲಿ ಮಲಗಿರುತ್ತದೆ, ಬಿಸಿಲು ಇಳಿದ ಮೇಲೆ ಹೊರಡುತ್ತದೆ. ಅದಕ್ಕೆ ಮೂಗು ಚುರುಕು, ಕಣ್ಣು ಮಂದ. ಹತ್ತಿರ ಬರುವವರೆಗೆ ನಿಮ್ಮನ್ನು ನೋಡದೆ, ನೋಡಿ ಬೆಚ್ಚಿಬಿದ್ದು ಮೇಲೆ ಬೀಳುತ್ತದೆ. ಆದ್ದರಿಂದ ಪೊದೆಯೊಳಗೆ ಒಬ್ಬರೇ ಹೋಗಬೇಡಿ. ಶೌಚಕ್ಕೆ ಹೋಗುವಾಗಲೂ ಇಬ್ಬರು ಹೋಗಿ, ಮಾತಾಡುತ್ತಾ ಹೋಗಿ. ಇಡೀ ದಿನದಲ್ಲಿ ನಾನು ಜೋರಾಗಿ ಮಾತಾಡಿ ಅನ್ನುವುದು ಇಲ್ಲಿ ಮಾತ್ರ.

ಹುತ್ತ ನೋಡಿ. ಯಾರೋ ಗುದ್ದಲಿಯಿಂದ ಅಗೆದ ಹಾಗೆ ಒಡೆದಿದ್ದರೆ, ಮಣ್ಣು ಇನ್ನೂ ಹಸಿಯಾಗಿದ್ದರೆ, ರಾತ್ರಿ ಕರಡಿ ಬಂದಿತ್ತು ಅಂತ ಅರ್ಥ. ಅದಕ್ಕೆ ಮೇಲಿನ ಮುಂದಿನ ಎರಡು ಹಲ್ಲು ಇರುವುದಿಲ್ಲ. ಆ ಸಂದಿಯಿಂದ ಗೆದ್ದಲನ್ನು ಸೊರ್ ಅಂತ ಹೀರುತ್ತದೆ. ಅಂಥ ಹುತ್ತ ಕಂಡರೆ ಬೇರೆ ಜಾಗ ನೋಡಿಕೊಳ್ಳಿ. ಸೀತಾಫಲ, ಬಾರೆ, ಕಾರೆ ಹಣ್ಣಾಗುವ ಕಾಲದಲ್ಲಿ ನಾವು ದಾರಿಬದಿಯ ಒಂದೆರಡು ಕಿತ್ತು ತಿನ್ನುತ್ತೇವೆ, ಅಷ್ಟೇ. ಚೀಲ ತುಂಬಿಕೊಳ್ಳುವುದಿಲ್ಲ. "ಅದರ ಊಟ ಅದು" ಅಂತ ಅತ್ತೆ ಕೈ ಮೇಲೆ ಹೊಡೆಯುತ್ತಾರೆ.

ಕೋತಿಗಳ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಬುತ್ತಿ ಬಿಚ್ಚುವವರೆಗೆ ಚೀಲದ ಬಾಯಿ ಗಟ್ಟಿಯಾಗಿ ಕಟ್ಟಿ ಕಾಲ ನಡುವೆ ಇಟ್ಟುಕೊಳ್ಳಿ. ಒಂದಕ್ಕೆ ತುತ್ತು ಹಾಕಿದರೆ ಇಪ್ಪತ್ತು ಬರುತ್ತವೆ. ಪ್ಲಾಸ್ಟಿಕ್ ಕವರ್ ಸರಸರ ಅಂದರೆ ಸಾಕು, ಅವಕ್ಕೆ ಗೊತ್ತಾಗುತ್ತದೆ. ಬಟ್ಟೆ ಚೀಲ ಒಯ್ಯಿರಿ. ತಂದ ಕಸವೆಲ್ಲ ಅದೇ ಚೀಲದಲ್ಲಿ ವಾಪಸ್ ಬರಲಿ.

ಮಧ್ಯಾಹ್ನದ ಆಸೆ

ಊಟ ಆದ ಮೇಲೆ ಯಾರಾದರೂ ಒಬ್ಬರು ಹೇಳೇ ಹೇಳುತ್ತಾರೆ: "ಇಷ್ಟು ದೂರ ಬಂದೀವಿ, ಸಂಡೂರಿಗೂ ಹೋಗಿ ಬರೋಣ, ಕುಮಾರಸ್ವಾಮಿ ಗುಡಿಗೂ ಹೋಗೋಣ." ಬೇಡ ಅನ್ನಿ. ಗುಡಿ ಚೆನ್ನಾಗಿದೆ, ಪಕ್ಕದ ಪಾರ್ವತಿ ಗುಡಿ ಚಾಲುಕ್ಯರ ಕಾಲದ್ದು, ಗುಡ್ಡದ ದಾರಿಯೂ ಚೆಂದ. ಅದಕ್ಕೆ ಇನ್ನೊಂದು ದಿನ ಇಟ್ಟುಕೊಳ್ಳಿ. ಈ ದಿನಕ್ಕೆ ಅದನ್ನು ತುರುಕಿದರೆ ಮತ್ತೆ ಗಡಿಯಾರ ನೋಡಲು ಶುರು ಮಾಡುತ್ತೀರಿ.

ಗುಡಿಯ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಸಂಡೂರಿನ ಅರಸರು 1932ರಲ್ಲೇ ಈ ಗುಡಿಯ ಬಾಗಿಲನ್ನು ಆಗ ಹರಿಜನರು ಅನ್ನುತ್ತಿದ್ದವರಿಗೆ ತೆರೆದರು. ಗಾಂಧೀಜಿ ಅದನ್ನು ಮೆಚ್ಚಿಕೊಂಡರು, 1934ರಲ್ಲಿ ಸಂಡೂರಿಗೂ ಬಂದರು. ಕುಮಾರಸ್ವಾಮಿಯ ಗುಡಿಯೊಳಗೆ ಹೆಂಗಸರು ಹೋಗಬಾರದು ಅನ್ನುವ ರೂಢಿ ಮಾತ್ರ ಹಾಗೇ ಉಳಿದುಕೊಂಡಿತು. ನಮ್ಮ ಮನೆಯವರು ಒಳಗೆ ಹೋಗಿ ಬರುವವರೆಗೆ ನಾನೂ ಅತ್ತೆಯೂ ಪಾರ್ವತಿ ಗುಡಿ ಕಟ್ಟೆಯ ಮೇಲೆ ಕೂತು ಶೇಂಗಾ ತಿಂದಿದ್ದೇವೆ. "ತಾಯಿ ಹತ್ರ ಕುಂತೀವಿ ಬಿಡು" ಅಂದರು ಅತ್ತೆ.

ಎರಡು ಗಂಟೆಯಿಂದ ಮೂರೂವರೆವರೆಗೆ ಮಲಗಿ. ಒಬ್ಬರು ಎಚ್ಚರ ಇರಲಿ. ನಮ್ಮಲ್ಲಿ ಅದು ನಾನೇ, ಯಾಕೆಂದರೆ ನನಗೆ ಆ ಹೊತ್ತು ಬೇಕು. ಗುಡ್ಡದ ನೆರಳು ನೀರಿನ ಮೇಲೆ ಮೆಲ್ಲಗೆ ಬರುತ್ತದೆ. ಗಾಳಿ ನಿಂತರೆ ಕೆಂಪು ಗುಡ್ಡ ಪೂರ್ತಿ ನೀರಲ್ಲಿ ಕಾಣುತ್ತದೆ. ಒಂದು ಮೀನು ನೆಗೆದರೆ ಗುಡ್ಡವೆಲ್ಲ ಸುಕ್ಕಾಗಿ, ಆಮೇಲೆ ಇಸ್ತ್ರಿ ಮಾಡಿದ ಹಾಗೆ ಮತ್ತೆ ಸರಿಯಾಗುತ್ತದೆ.

ನಾಲ್ಕೂವರೆಗೆ ಎದ್ದು ಹೊರಡಿ. ಇನ್ನೂ ಬೆಳಕಿದೆ, ಸ್ವಲ್ಪ ಕೂರೋಣ ಅನ್ನಿಸುತ್ತದೆ. ಕೂರಬೇಡಿ. ಕತ್ತಲಾಗುವಷ್ಟರಲ್ಲಿ ತೋರಣಗಲ್ಲು ದಾಟಿರಬೇಕು. ಲಾರಿ ಲೈಟಿನ ಎದುರು, ಧೂಳಿನಲ್ಲಿ ಬೈಕ್ ಓಡಿಸುವುದು ಒಳ್ಳೆಯದಲ್ಲ. ಹೊರಡುವ ಮುಂಚೆ ಬೈಕಿನ ಎರಡೂ ಟಯರ್ ಕೈಯಿಂದ ಸವರಿ ನೋಡಿ. ಮುಳ್ಳು ಚುಚ್ಚಿಕೊಂಡಿದ್ದು ಆಗಲೇ ಗೊತ್ತಾದರೆ ಊರೊಳಗಿನ ಪಂಕ್ಚರ್ ಅಂಗಡಿ ಹತ್ತಿರ.

ಮನೆಗೆ ಬಂದ ರಾತ್ರಿಯೇ ಬಟ್ಟೆ ನೆನೆಹಾಕಿ, ಬೇರೆ ಬಟ್ಟೆ ಜೊತೆ ಸೇರಿಸಬೇಡಿ. ಮೊದಲು ಒಣಗಿದ ಮಣ್ಣನ್ನು ಒಣ ಬ್ರಷ್‌ನಿಂದ ಉದುರಿಸಬೇಕು. ನೀರು ಸೋಕಿದ ಮೇಲೆ ಉಜ್ಜಿದರೆ ಅದು ನೂಲಿನೊಳಗೆ ಇಳಿಯುತ್ತದೆ. ಕೆಂಪು ಉಳಿದ ಕಡೆ ನಿಂಬೆಹಣ್ಣಿನ ರಸ, ಉಪ್ಪು ಹಚ್ಚಿ ಒಂದು ಗಂಟೆ ಬಿಟ್ಟು ತೊಳೆಯಿರಿ. ಬ್ಲೀಚಿಂಗ್ ಮಾತ್ರ ಹಾಕಬೇಡಿ, ಕಬ್ಬಿಣದ ಕಲೆ ಅದರಿಂದ ಇನ್ನೂ ಗಟ್ಟಿಯಾಗುತ್ತದೆ. ನಾನು ಮೊದಲ ಸಲ ಗೊತ್ತಿಲ್ಲದೆ ಅತ್ತೆಯ ಬಿಳಿ ಸೀರೆಗೆ ಹಾಕಿದ್ದೆ. ಅಂಚಿನ ಹತ್ತಿರ ಅಂಗೈಯಗಲ ಕೆಂಪು ಈಗಲೂ ಇದೆ. ಮಗನನ್ನು ಹೂಳಿನಿಂದ ಎಳೆದದ್ದೂ ಅದೇ ಸೀರೆಯಿಂದ. ಈಗ ನಾರಿಹಳ್ಳಕ್ಕೆ ಹೊರಟರೆ ಅತ್ತೆ ಅದನ್ನೇ ಉಡುತ್ತಾರೆ.